ಸೈನ್ಸ್ ಫಿಕ್ಷನ್ ಬೇರೆ ಕಥೆಗಳಿಗಿಂತ ಹೇಗೆ ಬೇರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಾವು ಹತ್ತು ಹನ್ನೆರಡು ಜನ ತಿಂಗಳಿಗೊಂದು ಭಾನುವಾರ ಸೇರಿ ಕಥೆ ಓದುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರು ಒಬ್ಬರಿದ್ದಾರೆ. ಮಣಿಪಾಲದಲ್ಲಿ ಓದುವ ಇಬ್ಬರು ಹುಡುಗಿಯರಿದ್ದಾರೆ. ಮಂಗಳೂರಿನಿಂದ ಬಸ್ಸು ಹಿಡಿದು ಬರುವ ಫಿಸಿಕ್ಸ್ ಮಾಸ್ಟ್ರೊಬ್ಬರಿದ್ದಾರೆ. ಸದ್ಯ ಸೈನ್ಸ್ ಫಿಕ್ಷನ್ ಹಿಡಿದುಕೊಂಡಿದ್ದೇವೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಉತ್ತರಗಳು ನನ್ನವು. ಮಾಸ್ಟ್ರು ಎಲ್ಲದಕ್ಕೂ ಒಪ್ಪುವುದಿಲ್ಲ.

ಒಂದೇ ಮಾತಲ್ಲಿ ಹೇಳಿ, ಸೈನ್ಸ್ ಫಿಕ್ಷನ್ ಅಂದರೆ ಎಂತ?

ಒಂದು ಸುಳ್ಳು, ಆಮೇಲೆ ಪೂರ್ತಿ ಲೆಕ್ಕ.

ಬಿಡಿಸಿ ಹೇಳುತ್ತೇನೆ. ಕಥೆ ಅಂದಮೇಲೆ ಎಲ್ಲವೂ ಸುಳ್ಳೇ. ಆದರೆ ಇಲ್ಲಿ ಬರೆಯುವವರು ಶುರುವಿನಲ್ಲೇ ಒಂದು ದೊಡ್ಡ ಸುಳ್ಳು ತಂದು ಎದುರಿಗಿಡುತ್ತಾರೆ. ಇಂಥದ್ದೊಂದು ಯಂತ್ರ ಉಂಟು ಅಂತಲೋ, ಇನ್ನು ಮುಂದೆ ಮನುಷ್ಯರಿಗೆ ನಿದ್ದೆ ಬೇಡ ಅಂತಲೋ. ಅದನ್ನು ನಾವು ಒಪ್ಪಿಕೊಂಡ ಮೇಲೆ ಅವರು ಮತ್ತೆ ಸುಳ್ಳು ಹೇಳುವ ಹಾಗಿಲ್ಲ. ನಿದ್ದೆ ಬೇಡ ಅಂದರೆ ಮನೆಯ ಕರೆಂಟ್ ಬಿಲ್ ಎಷ್ಟು ಬರುತ್ತದೆ? ರಾತ್ರಿ ಪಾಳಿಗೆ ಜಾಸ್ತಿ ಸಂಬಳ ಕೇಳಲು ಆಗುತ್ತದಾ? ಹಾಸಿಗೆ ಅಂಗಡಿಯವರ ಗತಿ ಏನು? ಗಂಡ ಹೆಂಡತಿ ಇಪ್ಪತ್ತನಾಲ್ಕು ಗಂಟೆ ಮುಖ ಮುಖ ನೋಡಿಕೊಂಡು ಎಷ್ಟು ದಿನ ಜಗಳ ಆಡದೆ ಇರುತ್ತಾರೆ? ಎಲ್ಲಕ್ಕೂ ಲೆಕ್ಕ ಕೊಡಬೇಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ಣಾಟಕ ಅಂತ ಐದು ಬ್ಯಾಂಕ್ ಹುಟ್ಟಿಸಿದ ಊರುಗಳು ನಮ್ಮವು. ಲೆಕ್ಕದ ವಿಷಯ ನಮಗೆ ಜಾಸ್ತಿ ಹೇಳಬೇಕಾಗಿಲ್ಲ ಅಲ್ವಾ?

ಆ ಮೊದಲ ಸುಳ್ಳನ್ನು ವಿಮರ್ಶಕ ಡಾರ್ಕೊ ಸುವಿನ್ ‘ನೋವಮ್’ ಅಂತ ಕರೆದರು. ಲ್ಯಾಟಿನ್ ಭಾಷೆಯಲ್ಲಿ ‘ಹೊಸತು’ ಅಂತ ಅರ್ಥ. ನಮ್ಮ ಗುಂಪಿನಲ್ಲಿ ಅದಕ್ಕೆ ‘ಮೊದಲ ಸುಳ್ಳು’ ಅಂತಲೇ ಹೆಸರು.

ರಾಕೆಟ್, ರೋಬೋಟ್ ಇಲ್ಲದೆ ಸೈನ್ಸ್ ಫಿಕ್ಷನ್ ಆಗುತ್ತದಾ?

ಆಗುತ್ತದೆ. ಅವೆಲ್ಲ ಇದ್ದೂ ಆಗದೆ ಇರುವುದೂ ಉಂಟು.

ನಮ್ಮಲ್ಲಿ ಇದಕ್ಕೊಂದು ಬಸ್ ಪರೀಕ್ಷೆ ಮಾಡುತ್ತೇವೆ. ಕಥೆಯಲ್ಲಿರುವ ರಾಕೆಟ್ ತೆಗೆದು ಅಲ್ಲೊಂದು ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ ಇಡಿ. ನಾಯಕ ಹತ್ತಿದ, ಖಳನಾಯಕ ಬೆನ್ನಟ್ಟಿದ, ಸುರತ್ಕಲ್ ಹತ್ತಿರ ಹೊಡೆದಾಟ ಆಯಿತು, ನಾಯಕಿ ಸಿಕ್ಕಿದಳು. ಕಥೆಗೆ ಏನೂ ಆಗಲಿಲ್ಲವಾ? ಹಾಗಾದರೆ ಅದು ಬಸ್ಸಿನ ಕಥೆ. ರಾಕೆಟ್ ಸುಮ್ನೆ ವೇಷ ಹಾಕಿಕೊಂಡು ನಿಂತಿತ್ತು. ಬಸ್ ಇಟ್ಟ ಕೂಡಲೇ ಕಥೆ ಕುಸಿದು ಬಿದ್ದರೆ ಮಾತ್ರ ರಾಕೆಟ್ಟಿಗೆ ಅಲ್ಲಿ ಕೆಲಸ ಇತ್ತು ಅಂತ ಲೆಕ್ಕ.

ಪುಷ್ಪಕ ವಿಮಾನ ಇದೆಯಲ್ಲ, ರಾಮಾಯಣ ಸೈನ್ಸ್ ಫಿಕ್ಷನ್ ಅಲ್ವಾ?

ಪ್ರತಿ ಸಲ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. ಅಲ್ಲ ಅಂದಕೂಡಲೇ ರಾಮಾಯಣ ಸಣ್ಣದೂ ಆಗುವುದಿಲ್ಲ.

ಯಕ್ಷಗಾನದ ರಂಗಸ್ಥಳ ನೆನಪು ಮಾಡಿಕೊಳ್ಳಿ. ಅಲ್ಲಿರುವುದು ಒಂದು ಮರದ ಪೀಠ. ಅದು ಸಿಂಹಾಸನ, ಅದೇ ರಥ, ಬೇಕಾದರೆ ಅದೇ ಬೆಟ್ಟ. ರಾವಣ ಅದರ ಮೇಲೆ ನಿಂತು ಆಕಾಶಮಾರ್ಗದಲ್ಲಿ ಹೋದೆ ಅಂದರೆ ಹೋದ. ಪೆಟ್ರೋಲ್ ಎಲ್ಲಿ ಹಾಕಿಸಿದ್ದು ಅಂತ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಕೇಳಿದವನದ್ದೇ ತಪ್ಪು. ಒಡೆಯ ಮನಸ್ಸು ಮಾಡಿದ ಕಡೆಗೆ ಪುಷ್ಪಕ ಹೋಗುತ್ತದೆ, ಅಷ್ಟೇ. ಆ ಕಥೆಗೆ ಬೇಕಾದ್ದು ರಾವಣನ ಅಹಂಕಾರ. ವಿಮಾನದ ಎಂಜಿನ್ ಅಲ್ಲ. ಸೈನ್ಸ್ ಫಿಕ್ಷನ್ನಿನಲ್ಲಿ ಎಂಜಿನ್ ಬಗ್ಗೆ ಕೇಳುವ ಹಕ್ಕು ಓದುಗನಿಗೆ ಉಂಟು. ಲೇಖಕ ಎಲ್ಲವನ್ನೂ ವಿವರಿಸಬೇಕು ಅಂತಿಲ್ಲ. ಆದರೆ ಉತ್ತರ ಇರಬಹುದು ಅನ್ನುವ ನಂಬಿಕೆ ಹುಟ್ಟಿಸಬೇಕು.

ನನಗೆ ಕೇಳಿದರೆ ಸೈನ್ಸ್ ಫಿಕ್ಷನ್ನಿಗೆ ಹತ್ತಿರದ ನೆಂಟ ಯಕ್ಷಗಾನದ ಆಟಕ್ಕಿಂತ, ಕೂತು ಮಾತಲ್ಲೇ ನಡೆಸುವ ತಾಳಮದ್ದಳೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪ್ರಸಂಗದ ಚೌಕಟ್ಟು ಬದಲಿಸುವ ಹಾಗಿಲ್ಲ. ವಾಲಿ ಸಾಯಲೇಬೇಕು. ಆದರೆ ಮರದ ಮರೆಯಿಂದ ಹೊಡೆದದ್ದು ಸರಿಯಾ ಅಂತ ವಾಲಿ ಕೇಳಿದರೆ ರಾಮನ ಮಾತಾಡುವ ಅರ್ಥಧಾರಿ ಉತ್ತರ ಹೇಳದೆ ಏಳುವ ಹಾಗಿಲ್ಲ. ಒಂದು ಮಾತು ಒಪ್ಪಿಕೊಂಡು ಕೂತಮೇಲೆ ಬೆಳಗಿನವರೆಗೂ ತರ್ಕ. ಇದೂ ಹಾಗೆಯೇ. ಮಾಸ್ಟ್ರಿಗೆ ಈ ಹೋಲಿಕೆ ಇಷ್ಟವಿಲ್ಲ. ಅರ್ಥಧಾರಿಗೆ ಮಾತಲ್ಲಿ ಗೆದ್ದರೆ ಸಾಕು, ವಿಜ್ಞಾನದಲ್ಲಿ ಪ್ರಯೋಗವೂ ಗೆಲ್ಲಬೇಕು ಅನ್ನುತ್ತಾರೆ. ಅದೂ ಸರಿಯೇ.

ಕುಲೆಯ (ದೆವ್ವದ) ಕಥೆ, ದೈವದ ಕಥೆ?

ದೈವದ್ದನ್ನು ಮೊದಲು ಬದಿಗಿಡುತ್ತೇನೆ. ತುಳುವಿನ ಬಾಯಿಪಾಠದ ಹಾಡು ಪಾಡ್ದನದಲ್ಲಿ ಬರುವ ಪಂಜುರ್ಲಿ, ಗುಳಿಗ ನಂಬುವವರಿಗೆ ಕಥೆಯ ಪಾತ್ರಗಳಲ್ಲ, ಮನೆಯ ಹಿರಿಯರ ಹಾಗೆ. ಅದನ್ನು ಕಾದಂಬರಿಗಳ ಸಾಲಿನಲ್ಲಿ ಇಟ್ಟು ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ಕುಲೆಯ ಕಥೆ ಬೇರೆ. ಪಾಳು ಬಿದ್ದ ಮನೆಯಲ್ಲಿ ರಾತ್ರಿ ಬಾವಿಯ ರಾಟೆ ಕಿರುಗುಡುತ್ತದೆ ಅಂತ ಇಟ್ಟುಕೊಳ್ಳಿ. ಹೆದರಿಸುವ ಕಥೆ ಬರೆಯುವವರು ರಾಟೆ ತಿರುಗಿಸುವುದು ಯಾರು ಅಂತ ಆದಷ್ಟು ತಡವಾಗಿ ತೋರಿಸುತ್ತಾರೆ. ಗೊತ್ತಾದ ಕೂಡಲೇ ಹೆದರಿಕೆ ಅರ್ಧ ಇಳಿಯುತ್ತದೆ. ಸೈನ್ಸ್ ಫಿಕ್ಷನ್ ಬರೆಯುವವರು ಟಾರ್ಚು ಕೊಟ್ಟು ಒಬ್ಬರನ್ನು ಬಾವಿಗೆ ಇಳಿಸುತ್ತಾರೆ. ಗೊತ್ತಾದ ಮೇಲೆಯೇ ಅವರ ಕಥೆ ಶುರು.

ಮಾಟ ಮಂತ್ರದ ಫ್ಯಾಂಟಸಿಗೂ ಇದಕ್ಕೂ ಎಲ್ಲಿ ಗಡಿ?

ಒಂದು ಉದಾಹರಣೆ ಹಿಡಿದೇ ಹೇಳಬೇಕು. ಕಣ್ಣಿಗೆ ಕಾಣದ ಮನುಷ್ಯ.

ಮಂತ್ರವಾದಿ ಕೊಟ್ಟ ಬೇರು ಕಟ್ಟಿಕೊಂಡು ಒಬ್ಬ ಮಾಯವಾದ ಅಂದರೆ ಅವನ ಪಂಚೆಯೂ ಚಪ್ಪಲಿಯೂ ಒಟ್ಟಿಗೇ ಮಾಯ. ನಾವು ತಲೆಯಾಡಿಸಿ ಮುಂದೆ ಹೋಗುತ್ತೇವೆ. ಎಚ್. ಜಿ. ವೆಲ್ಸ್ 1897ರಲ್ಲಿ ಇದೇ ವಿಷಯ ಎತ್ತಿಕೊಂಡಾಗ ಬೇರೆ ದಾರಿ ಹಿಡಿದರು. ಗಾಜನ್ನು ನೀರಿನಲ್ಲಿ ಮುಳುಗಿಸಿದರೆ ಸರಿಯಾಗಿ ಕಾಣುವುದಿಲ್ಲವಲ್ಲ, ಹಾಗೆ ಮೈಯೊಳಗೆ ಬೆಳಕು ಬಾಗದೆ ಗಾಳಿಯಲ್ಲಿ ಹೋದಂತೆಯೇ ಹೋದರೆ ಮನುಷ್ಯ ಕಾಣುವುದಿಲ್ಲ ಅಂದರು. ಅದು ಮೊದಲ ಸುಳ್ಳು. ಆಮೇಲೆ ಲೆಕ್ಕ ಶುರುವಾಯಿತು. ಬಟ್ಟೆ ಮಾಯವಾಗುವುದಿಲ್ಲ, ಆದ್ದರಿಂದ ಚಳಿಯಲ್ಲಿ ಬತ್ತಲೆ ತಿರುಗಬೇಕು. ತಿಂದದ್ದು ಕರಗುವವರೆಗೂ ಹೊರಗೆ ಕಾಣುತ್ತದೆ. ಅವನು ಉಡುಪಿಗೆ ಬಂದು ನೀರುದೋಸೆ ತಿಂದರೆ ಅಗಿದ ದೋಸೆ ಗಾಳಿಯಲ್ಲಿ ನಿಧಾನ ಕೆಳಗಿಳಿಯುವುದು ಪಕ್ಕದ ಮೇಜಿನವರಿಗೂ ಕಾಣುತ್ತದೆ. ಜೂನ್ ತಿಂಗಳಲ್ಲಂತೂ ಕಥೆ ಮುಗಿದಂತೆಯೇ. ಮಳೆ ಅವನ ಆಕಾರ ಬಿಡಿಸಿ ತೋರಿಸುತ್ತದೆ.

ನಮ್ಮ ಗುಂಪಿನ ಹುಡುಗಿಯೊಬ್ಬಳು ಇನ್ನೂ ದೊಡ್ಡ ತಕರಾರು ತೆಗೆದಳು. ಕಣ್ಣಿಗೆ ಕಾಣಬೇಕಾದರೆ ಬೆಳಕು ಕಣ್ಣಿನ ಹಿಂಬದಿಯ ಪರದೆಗೆ ಬಿದ್ದು ಅಲ್ಲೇ ನಿಲ್ಲಬೇಕು. ಬೆಳಕು ಮೈಯನ್ನು ದಾಟಿಕೊಂಡೇ ಹೋದರೆ? ಕಾಣದ ಮನುಷ್ಯನಿಗೆ ಕಣ್ಣೇ ಕಾಣುವುದಿಲ್ಲ! ಮಂತ್ರದ ಬೇರಿನ ಕಥೆಗೆ ಈ ತಕರಾರು ಹೂಡಿದರೆ ಅರಸಿಕತನ. ಇಲ್ಲಿ ಹೂಡುವುದೇ ರುಚಿ.

ಒಳ್ಳೆಯ ಫ್ಯಾಂಟಸಿಯಲ್ಲೂ ನಿಯಮ ಇರುತ್ತದೆ. ಮೂರೇ ವರ ಅಂದರೆ ಮೂರೇ. ಆದರೆ ಆ ನಾಣ್ಯ ಟಂಕಿಸಿದ್ದು ಆ ಲೋಕದಲ್ಲೇ, ಚಲಾವಣೆಯೂ ಅಲ್ಲೇ. ಸೈನ್ಸ್ ಫಿಕ್ಷನ್ ನಮ್ಮ ನಿಮ್ಮ ಜೇಬಿನ ನೋಟಿನಲ್ಲೇ ಲೆಕ್ಕ ತೀರಿಸಬೇಕು.

ಪತ್ತೇದಾರಿ ಕಥೆಯಲ್ಲೂ ತರ್ಕ ಇದೆಯಲ್ಲ?

ಇದೆ. ಎರಡೂ ಅಣ್ಣ ತಮ್ಮ. ಪತ್ತೇದಾರಿ ಹಿಂದಕ್ಕೆ ನೋಡುತ್ತದೆ, ಮಾಡಿದ್ದು ಯಾರು ಅಂತ. ಇದು ಮುಂದಕ್ಕೆ ನೋಡುತ್ತದೆ, ಹೀಗಾದರೆ ಮುಂದೇನು ಅಂತ. ಕಳ್ಳ ಸಿಕ್ಕಿದ ಮೇಲೆ ಊರು ಮೊದಲಿನ ಹಾಗೆ ಆಗುತ್ತದೆ. ಸೈನ್ಸ್ ಫಿಕ್ಷನ್ನಿನ ಊರು ಸಾಮಾನ್ಯವಾಗಿ ಮೊದಲಿನ ಹಾಗೆ ಆಗುವುದಿಲ್ಲ. ಐಸಾಕ್ ಅಸಿಮೋವ್ ಎರಡನ್ನೂ ಜೋಡಿಸಿದವರು. 1942ರ ಒಂದು ಕಥೆಯಲ್ಲಿ ರೋಬೋಟುಗಳಿಗೆ ಮೂರು ನಿಯಮ ಹಾಕಿದರು. ಆಮೇಲೆ ಆ ನಿಯಮಗಳು ಒಂದಕ್ಕೊಂದು ತೊಡರಿಕೊಂಡು ಎಡವಟ್ಟಾಗುವ ಕಥೆಗಳನ್ನು ವರ್ಷಗಟ್ಟಲೆ ಬರೆದರು. ಕಾನೂನು ಓದುವವರಿಗೆ ಒಳ್ಳೆಯ ಮನರಂಜನೆ.

ಸಾಮಾಜಿಕ ಕಾದಂಬರಿಗೂ ಇದಕ್ಕೂ ಏನು ಸಂಬಂಧ?

ಒಂದು ಕಾಲದ ಸೈನ್ಸ್ ಫಿಕ್ಷನ್ ಇನ್ನೊಂದು ಕಾಲದ ಸಾಮಾಜಿಕ ಕಥೆ.

ನಮ್ಮ ಪಕ್ಕದ ಮನೆಯ ಅಮ್ಮ ಪತ್ರೊಡೆಗೆ ಕೆಸುವಿನ ಎಲೆ ಸುತ್ತುವುದು ಹೇಗೆ ಅಂತ ದುಬೈಯಲ್ಲಿರುವ ಸೊಸೆಗೆ ಫೋನಿನಲ್ಲಿ ತೋರಿಸುತ್ತಾರೆ. ಫೋನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟಿರುತ್ತದೆ. “ಅಷ್ಟು ದಪ್ಪ ಹಿಟ್ಟು ಮೆತ್ತಬೇಡ ಮಗಾ” ಅನ್ನುತ್ತಾರೆ. 1975ರಲ್ಲಿ ಯಾರಾದರೂ ಇದನ್ನು ಬರೆದಿದ್ದರೆ ಅದು ಸೈನ್ಸ್ ಫಿಕ್ಷನ್. ಆಗ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಈಗ ಬರೆದರೆ ಅತ್ತೆ ಸೊಸೆ ಕಥೆ. ವಸ್ತು ಅದೇ. ಹೊಸತನ ಮಾತ್ರ ಆರಿಹೋಯಿತು.

ಆದರೆ ಒಂದು ವ್ಯತ್ಯಾಸ ಗಟ್ಟಿ ಉಂಟು. ಸಾಮಾಜಿಕ ಕಾದಂಬರಿ ಓದುವಾಗ ಲೋಕ ಗೊತ್ತಿರುತ್ತದೆ, ಮನುಷ್ಯರನ್ನು ತಿಳಿದುಕೊಳ್ಳಬೇಕು. ಸೈನ್ಸ್ ಫಿಕ್ಷನ್ನಿನಲ್ಲಿ ಲೋಕವನ್ನೂ ತಿಳಿದುಕೊಳ್ಳಬೇಕು. ಹೊಸ ಮನೆಗೆ ಮದುವೆಯಾಗಿ ಹೋದ ಹಾಗೆ. ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಾಗುವವರೆಗೆ ಕಷ್ಟ. ಮೊದಲ ಇಪ್ಪತ್ತು ಪುಟಕ್ಕೆ ಪುಸ್ತಕ ಮುಚ್ಚಿಡುವವರು ಜಾಸ್ತಿ ಇರುವುದು ಇದಕ್ಕೇ. ಸ್ವಲ್ಪ ತಡೆಯಿರಿ.

ತೇಜಸ್ವಿಯವರ ‘ಕರ್ವಾಲೊ’ ಸೈನ್ಸ್ ಫಿಕ್ಷನ್ನಾ?

ಇದರ ಮೇಲೆ ನಮ್ಮಲ್ಲಿ ಒಂದಿಡೀ ಭಾನುವಾರ ಜಗಳ ಆಗಿದೆ. 1980ರ ಕಾದಂಬರಿ. ವಿಜ್ಞಾನಿ ಇದ್ದಾನೆ, ಹುಡುಕಾಟ ಇದೆ, ಹಾರುವ ಓತಿ ಇದೆ, ವಿಕಾಸವಾದದ ಮಾತಿದೆ. ಹಾಗಾದರೆ ಹೌದಲ್ಲ ಅಂತ ಅರ್ಧ ಜನ.

ನಾನು ಅಲ್ಲ ಅನ್ನುವ ಕಡೆ. ಹಾರುವ ಓತಿ ಸುಳ್ಳಲ್ಲ. ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮ ಘಟ್ಟದಲ್ಲಿ ಇವತ್ತಿಗೂ ಉಂಟು. ನಮ್ಮ ಕಡೆಯ ಅಡಿಕೆ ತೋಟದಲ್ಲೂ ನೋಡಿದವರಿದ್ದಾರೆ. ಆ ಕಾದಂಬರಿ ಲೋಕವನ್ನು ಬದಲಿಸುವುದಿಲ್ಲ. ಇರುವ ಲೋಕವನ್ನೇ ವಿಜ್ಞಾನದ ಕಣ್ಣಿನಿಂದ ನೋಡುವುದು ಹೇಗೆ ಅಂತ ತೋರಿಸುತ್ತದೆ. ಅದರಲ್ಲಿ ಬರುವ ಹಳ್ಳಿಯ ಮಂದಣ್ಣನಂಥವನು ಕಾಡಿನ ಬಗ್ಗೆ ಪ್ರೊಫೆಸರಿಗಿಂತ ಜಾಸ್ತಿ ತಿಳಿದಿರಬಹುದು ಅಂತಲೂ. ಅದು ವಿಜ್ಞಾನದ ಕುರಿತ ಕಾದಂಬರಿ. ಸೈನ್ಸ್ ಫಿಕ್ಷನ್ ಅನ್ನುವ ಹಣೆಪಟ್ಟಿ ಅದಕ್ಕೆ ಬೇಡ, ಅದಿಲ್ಲದೆಯೇ ಅದು ಚೆನ್ನಾಗಿದೆ.

ಇದೆಲ್ಲ ಯಾವಾಗ ಶುರುವಾಯಿತು?

ಜೋರು ಮಳೆಯಿಂದ. ತಮಾಷೆ ಅಲ್ಲ.

1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರಿಂದ ಎದ್ದ ಬೂದಿ ಮತ್ತು ಗಂಧಕದ ಮುಸುಕು ಭೂಮಿಯ ಮೇಲೆಲ್ಲ ಹರಡಿತು. ಮಾರನೇ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬರೇ ಚಳಿ, ಮಳೆ. ಜಿನೀವಾ ಸರೋವರದ ಹತ್ತಿರ ತಂಗಿದ್ದ ಕೆಲವು ಗೆಳೆಯರು ಹೊರಗೆ ಹೋಗಲಾಗದೆ ಒಬ್ಬೊಬ್ಬರು ಒಂದೊಂದು ದೆವ್ವದ ಕಥೆ ಬರೆಯೋಣ ಅಂತ ಪಂದ್ಯ ಕಟ್ಟಿದರು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಹಲಸಿನ ಹಪ್ಪಳ ಸುಟ್ಟುಕೊಂಡು ಚಾವಡಿಯಲ್ಲಿ ಕೂತು ಕುಲೆ ಕಥೆ ಹೇಳಿದವರಿಗೆ ಆ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ. ಅವರಲ್ಲಿ ಮೇರಿ ಅನ್ನುವ ಹುಡುಗಿಗೆ ಆಗ 18 ವರ್ಷ. ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ತಾಗಿಸಿದರೆ ಅದು ಎಗರುತ್ತದೆ ಅಂತ ಗ್ಯಾಲ್ವಾನಿ ತೋರಿಸಿದ್ದು ಆ ಕಾಲದವರಿಗೆ ಗೊತ್ತಿತ್ತು. ಹೆಣ ಎದ್ದು ಬರಲಿ, ಆದರೆ ಮಂತ್ರದಿಂದ ಬೇಡ, ಪ್ರಯೋಗಶಾಲೆಯಿಂದ ಬರಲಿ ಅಂತ ಅವಳು ಬರೆದದ್ದು 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಆಗಿ ಅಚ್ಚಾಯಿತು. ಅದು ಆ ಭೂತಾಕಾರದ ಪ್ರಾಣಿಯ ಹೆಸರಲ್ಲ, ಅದನ್ನು ಮಾಡಿದವನ ಹೆಸರು. ಮಾಡಿದ್ದನ್ನು ನೋಡಿ ಹೆದರಿ ಓಡಿಹೋದವನು ಅವನು. ಓಡಿಹೋದದ್ದರ ಲೆಕ್ಕವೇ ಉಳಿದ ಕಥೆ.

ಆಮೇಲೆ ಜೂಲ್ಸ್ ವರ್ನ್. ಅವರು ದೊಡ್ಡ ಫಿರಂಗಿಯಿಂದ ಚಂದ್ರನಿಗೆ ಗುಂಡು ಹಾರಿಸಿದ ಕಾದಂಬರಿ 1865ರದ್ದು. ಅದೇ ವರ್ಷ ಮಂಗಳೂರಿನ ಜಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಯಿತು. ಎರಡಕ್ಕೂ ಸಂಬಂಧ ಏನಿಲ್ಲ, ಕಾಲ ಯಾವುದು ಅಂತ ಗೊತ್ತಾಗಲಿ ಅಂತ ಹೇಳಿದೆ. 1895ರಲ್ಲಿ ವೆಲ್ಸ್ ಕಾಲಯಂತ್ರ ತಂದರು. 1920ರಲ್ಲಿ ಕಾರೆಲ್ ಚಾಪೆಕ್ ತಮ್ಮ ನಾಟಕದಲ್ಲಿ ‘ರೋಬೋಟ್’ ಅನ್ನುವ ಪದ ಬಳಸಿದರು. ಚೆಕ್ ಭಾಷೆಯಲ್ಲಿ ‘ರೊಬೋಟಾ’ ಅಂದರೆ ಬಿಟ್ಟಿ ಚಾಕರಿ. ಒಕ್ಕಲುತನದ ಕಾಲ ಕಂಡ ನಮ್ಮ ಅಜ್ಜಂದಿರಿಗೆ ಆ ಪದ ವಿವರಿಸುವ ಅಗತ್ಯವೇ ಇರಲಿಲ್ಲ. 1926ರಲ್ಲಿ ಅಮೆರಿಕದಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಇಂಥ ಕಥೆಗಳಿಗೆಂದೇ ಒಂದು ಮಾಸಪತ್ರಿಕೆ ತೆಗೆದರು. ಸೈನ್ಸ್ ಫಿಕ್ಷನ್ನಿಗೆ ಪ್ರತ್ಯೇಕ ಅಂಗಡಿ ಅಂತ ಆದದ್ದು ಆಗಲೇ.

ನಮ್ಮ ದೇಶದಲ್ಲಿ?

ನಾವೇನೂ ತಡ ಮಾಡಿದವರಲ್ಲ. ವಿಜ್ಞಾನಿ ಜಗದೀಶಚಂದ್ರ ಬೋಸ್ 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದರು. ಚಂಡಮಾರುತ ಬರುತ್ತದೆ ಅಂತ ಎಲ್ಲರೂ ಹೆದರಿಕೊಂಡಿದ್ದಾರೆ. ಅದು ಬರುವುದೇ ಇಲ್ಲ. ಯಾಕೆ? ಹಡಗಿನಲ್ಲಿದ್ದ ಒಬ್ಬ ಪ್ರಯಾಣಿಕ ಒಂದು ಬಾಟಲಿ ತಲೆಗೂದಲಿನ ಎಣ್ಣೆ ಸಮುದ್ರಕ್ಕೆ ಸುರಿದಿದ್ದ! ಕೇಳಿದರೆ ನಗು ಬರುತ್ತದೆ. ಆದರೆ ನೀರಿನ ಮೇಲೆ ಎಣ್ಣೆ ತೆಳುವಾಗಿ ಹರಡಿ ಸಣ್ಣ ಅಲೆಗಳನ್ನು ಅಡಗಿಸುವುದು ನಿಜ. ಅಷ್ಟು ನಿಜ ಹಿಡಿದು ಚಂಡಮಾರುತದವರೆಗೆ ಎಳೆದದ್ದು ಸುಳ್ಳು. ಒಂದು ತಲೆಗೂದಲಿನ ಎಣ್ಣೆಯ ಕಂಪನಿ ನಡೆಸಿದ ಸ್ಪರ್ಧೆಗೆ ಬರೆದ ಕಥೆ ಅದು, ಬಹುಮಾನವೂ ಬಂತು. ಮಲ್ಪೆಯ ಬೋಟಿನವರೊಬ್ಬರಿಗೆ ಈ ಕಥೆ ಹೇಳಿದಾಗ “ಹಾಗಾದರೆ ನಮ್ಮ ಡೀಸೆಲ್ ಚೆಲ್ಲಿದ್ದಕ್ಕೆ ಸಮುದ್ರ ಯಾವಾಗಲೋ ನಿದ್ದೆ ಮಾಡಬೇಕಿತ್ತು” ಅಂದರು.

1905ರಲ್ಲಿ ರೊಕೇಯಾ ಹುಸೇನ್ ಮದ್ರಾಸಿನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಒಂದು ಕಥೆ ಪ್ರಕಟಿಸಿದರು. ಅಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ಆಡಳಿತದಲ್ಲಿ. ಬಿಸಿಲಿನ ಶಾಖದಿಂದ ಅಡುಗೆ, ಮೋಡದಿಂದ ನೇರ ನೀರು. ಕನ್ನಡದಲ್ಲಿ ಹಳಬರು ಮೊದಲು ಹೇಳುವ ಹೆಸರು ರಾಜಶೇಖರ ಭೂಸನೂರಮಠ. ನಮ್ಮ ಕೋಟದ ಶಿವರಾಮ ಕಾರಂತರು ಸೈನ್ಸ್ ಫಿಕ್ಷನ್ ಕಡೆಗೆ ಹೋದವರಲ್ಲ. ಆದರೆ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ದ ದಪ್ಪ ಸಂಪುಟಗಳಲ್ಲಿ ಅವರು ಕಟ್ಟಿಕೊಟ್ಟ ವಿಜ್ಞಾನದ ಕನ್ನಡ ಇಲ್ಲದಿದ್ದರೆ ಮುಂದಿನವರಿಗೆ ಕಷ್ಟ ಆಗುತ್ತಿತ್ತು.

ವಿಜ್ಞಾನವೇ ತಪ್ಪು ಅಂತ ಆಮೇಲೆ ಗೊತ್ತಾದರೆ ಕಥೆ ಸತ್ತಂತೆಯಾ?

ಇಲ್ಲ. ವರ್ನ್ ಅವರ ಫಿರಂಗಿಯಲ್ಲಿ ಕೂತವರು ಹಾರಿಸಿದ ಕ್ಷಣದಲ್ಲೇ ಅಪ್ಪಚ್ಚಿ ಆಗುತ್ತಿದ್ದರು. ಆದರೂ ಲೆಕ್ಕ ಹಾಕುವ ಅವರ ಶ್ರದ್ಧೆ ಓದಲು ಚೆಂದ.

ಮಂಗಳ ಗ್ರಹದ್ದು ಇನ್ನೂ ಸ್ವಾರಸ್ಯ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಆ ಗ್ರಹದ ಮೇಲೆ ಗೆರೆಗಳನ್ನು ಕಂಡು ‘ಕನಾಲಿ’ ಅಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ‘ತೋಡು’, ಅಂದರೆ ಸಣ್ಣ ಹಳ್ಳ, ಅಂದ ಹಾಗೆ. ಇಂಗ್ಲಿಷಿಗೆ ಹೋಗುವಾಗ ಅದು ‘ಕಾಲುವೆ’ ಆಯಿತು. ವ್ಯತ್ಯಾಸ ನಮ್ಮ ಊರಿನ ಮಕ್ಕಳಿಗೂ ಗೊತ್ತು. ತೋಡು ತಾನಾಗಿ ಹರಿಯುತ್ತದೆ. ಕಾಲುವೆಗೆ ಅಗೆಯುವವರು ಬೇಕು. ಅಗೆಯುವವರು ಬೇಕು ಅಂದಮೇಲೆ ಮಂಗಳದಲ್ಲಿ ಜನ ಇರಬೇಕಲ್ಲ! ಹಾಗೆ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. 1965ರಲ್ಲಿ ಅಮೆರಿಕದ ನೌಕೆ ಮ್ಯಾರಿನರ್ 4 ಹತ್ತಿರ ಹೋಗಿ ಚಿತ್ರ ಕಳಿಸಿದಾಗ ಕಾಲುವೆಯೂ ಇಲ್ಲ, ಜನವೂ ಇಲ್ಲ, ಬರೇ ಗುಂಡಿಗಳು. ಕಥೆಗಳನ್ನು ಈಗಲೂ ಓದುತ್ತೇವೆ. ಬರೆದ ಕಾಲಕ್ಕೆ ಗೊತ್ತಿದ್ದದ್ದಕ್ಕೆ ಪ್ರಾಮಾಣಿಕವಾಗಿದ್ದರೆ ಸಾಕು.

ಮುಂದೆ ಆಗುವುದನ್ನು ಮೊದಲೇ ಹೇಳುವುದೇ ಇದರ ಕೆಲಸವಾ?

ಭವಿಷ್ಯ ಬೇಕಾದರೆ ಜೋಯಿಸರ ಹತ್ತಿರ ಹೋಗಿ ಪ್ರಶ್ನೆ ಇಡಿಸಿ. ಸೈನ್ಸ್ ಫಿಕ್ಷನ್ ಲೇಖಕ ಆರ್ಥರ್ ಕ್ಲಾರ್ಕ್ 1945ರಲ್ಲಿ ಭೂಮಿಯ ಜೊತೆಗೇ ತಿರುಗುತ್ತ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಸಂಪರ್ಕ ಕೊಡಬಹುದು ಅಂತ ಬರೆದದ್ದು ನಿಜ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇವತ್ತು ಅಂಥವು ತುಂಬ ಇವೆ. ಆದರೆ ಅವರು ಅದನ್ನು ಬರೆದದ್ದು ಲೇಖನದಲ್ಲಿ, ಕಥೆಯಲ್ಲಿ ಅಲ್ಲ.

ಮಕ್ಕಳಿಗೆ ಮಾತ್ರ ಅಲ್ವಾ ಇದು?

ಅಲ್ಲ.

ನಮ್ಮ ಊರನ್ನು ಇಟ್ಟುಕೊಂಡು ಬರೆಯಬಹುದಾ? ನ್ಯೂಯಾರ್ಕೇ ಬೇಕಾ?

ನ್ಯೂಯಾರ್ಕ್ ಬೇಡವೇ ಬೇಡ. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಕಂಬ ಜೋಡಿಸಿಟ್ಟಂಥ ಕಲ್ಲುಗಳು ಕಾಣುತ್ತವೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿಗೆ ಉಕ್ಕಿ ಬಂದ ಲಾವಾ ಆರಿ ಆದದ್ದು. ಅಣ್ಣ ತಮ್ಮ ಪಾಲು ಮಾಡಿಕೊಂಡ ಗುರುತು. ಇಂಥದ್ದು ಮನೆ ಬಾಗಿಲಲ್ಲಿ ಇಟ್ಟುಕೊಂಡು ಕಥೆಗೆ ಜಾಗ ಇಲ್ಲ ಅನ್ನುವುದಾ?

ನಾವು ಒಂದು ಭಾನುವಾರ ಆಡಿದ ಆಟ ಹೇಳುತ್ತೇನೆ. ಮೊದಲ ಸುಳ್ಳು: ಕರಾವಳಿಯಲ್ಲಿ ಮಳೆ ನಿಲ್ಲುವುದೇ ಇಲ್ಲ. ನಮ್ಮಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ, ಬಹುಪಾಲು ನಾಲ್ಕು ತಿಂಗಳಲ್ಲಿ. ಅದು ಹನ್ನೆರಡು ತಿಂಗಳೂ ಸುರಿದರೆ? ಸಾಮಾಜಿಕ ಕಥೆಯಲ್ಲಿ ಮಳೆ ಹಿನ್ನೆಲೆಯಾಗಿ ಇರುತ್ತದೆ. ಪುರಾಣದಲ್ಲಿ ವರುಣನ ಕೋಪ, ಪೂಜೆ ಮಾಡಿದರೆ ಪರಿಹಾರ. ನಮಗೆ ಕಾರಣ ಬೇಕಿತ್ತು. ಮಳೆಗಾಲದ ಗಾಳಿ ಅಕ್ಟೋಬರಿನಲ್ಲಿ ತಿರುಗಬೇಕಾದದ್ದು ತಿರುಗಲಿಲ್ಲ ಅಂತ ಇಟ್ಟುಕೊಂಡೆವು. ತಕ್ಷಣ ಮಾಸ್ಟ್ರು, “ಹಾಗಾದರೆ ಚೆನ್ನೈಗೆ ನೀರಿಲ್ಲ ಮಾರಾಯ್ರೇ” ಅಂದರು. ಹೌದಲ್ಲ, ಆ ಕಡೆಗೆ ಮಳೆ ತರುವುದು ತಿರುಗಿದ ಗಾಳಿಯೇ.

ಆಮೇಲೆ ಒಂದೊಂದೇ ಕಳಚಿ ಬಿತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು ಸುಣ್ಣದ ಮದ್ದು ಬಿಡಬೇಕಾದರೆ ನಡುವೆ ಬಿಸಿಲು ಬೇಕು. ಇಲ್ಲ. ಕೊಯ್ದ ಅಡಿಕೆ ಚಾಲಿ ಆಗಲು ಅಂಗಳದಲ್ಲಿ ನಲವತ್ತು ದಿನ ಒಣಗಬೇಕು. ಇಲ್ಲ. ಗೇರು ಹೂ ಬಿಟ್ಟರೂ ಉದುರಿ ಹೋಗುತ್ತದೆ. ಮೀನಿನವರಿಗೆ ಜೂನ್, ಜುಲೈ 61 ದಿನ ಬೋಟು ಇಳಿಸುವ ಹಾಗಿಲ್ಲ ಅನ್ನುವ ನಿಯಮ, ಅದನ್ನು ಇನ್ನು ಯಾವ ತಿಂಗಳಿಗೆ ಇಡುವುದು? ಒಬ್ಬರು ಒಣಮೀನಾದರೂ ಉಂಟಲ್ಲ ಅಂದರು. ಒಣಮೀನು ಮಳೆಗಾಲಕ್ಕೆ ಅಂತ ಮಾಡುವುದು, ಆದರೆ ಒಣಗುವುದು ಬಿಸಿಲಿಗೆ. ಅದೂ ಹೋಯಿತು. ಮಳೆಗಾಲಕ್ಕೆ ಮುಂಚೆ ಪತ್ತನಾಜೆ ದಿನ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ಯಾವಾಗ? ಬಯಲೇ ಇಲ್ಲ ಅಂದಮೇಲೆ ಬಯಲಾಟ ಎಲ್ಲಿ?

ಬ್ಯಾಂಕಿನವರು ಅಲ್ಲಿಯವರೆಗೆ ಸುಮ್ಮನಿದ್ದರು. “ಯಾರೋ ಒಬ್ಬ ಬಿಸಿಲಿನ ವ್ಯಾಪಾರ ಶುರು ಮಾಡುತ್ತಾನೆ ನೋಡಿ” ಅಂದರು. ದೊಡ್ಡ ಹಾಲ್, ಹೀಟರು, ಗಂಟೆಗೆ ಇಷ್ಟು ಅಂತ ಬಾಡಿಗೆ. ಮೊದಲು ಅಡಿಕೆ ಒಣಗಿಸಲು, ಆಮೇಲೆ ಬಾಣಂತಿಗೆ, ಆಮೇಲೆ ಸುಮ್ನೆ ಕೂರಲು. ಸಾಲ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅಂತ ಅವರೇ ಹೇಳಿದರು. ಅಲ್ಲಿಗೆ ನಮಗೆ ಪಾತ್ರಗಳೂ ಸಿಕ್ಕಿದವು. ತನ್ನ ನೆರಳನ್ನೇ ನೋಡಿರದ ಮಗುವೊಂದು ಆ ಹಾಲಿಗೆ ಬಂದು ಹೆದರುತ್ತದೆ ಅಂತ ನಾನೊಂದು ದೃಶ್ಯ ಹೊಸೆದೆ. ತುಂಬ ಚೆನ್ನಾಗಿದೆ ಅಂತ ನನಗೇ ಅನ್ನಿಸಿತ್ತು. “ಕರೆಂಟ್ ದೀಪಕ್ಕೂ ನೆರಳು ಬೀಳುತ್ತದಲ್ಲ ಅಂಕಲ್” ಅಂದಳು ಹುಡುಗಿಯೊಬ್ಬಳು. ಹೊಡೆದು ಹಾಕಿದೆವು.

ತಾಂತ್ರಿಕ ಪದಗಳಿಗೆ ಕನ್ನಡ ಎಲ್ಲಿಂದ ತರುವುದು?

ಜನ ಆಡುವ ಪದ ಇದ್ದರೆ ಅದನ್ನೇ ಹಾಕಿ. ಉಪಗ್ರಹ, ಗುರುತ್ವ, ಜ್ಯೋತಿರ್ವರ್ಷ ಬಳಕೆಯಲ್ಲಿವೆ. ಬ್ಯಾಟರಿ, ಸ್ಕ್ರೀನ್, ಚಿಪ್ ಹಾಗೇ ಇರಲಿ. ರೋಬೋಟಿಗೆ ‘ಯಂತ್ರಮಾನವ’ ಹಳೆಯ ಒಳ್ಳೆಯ ಪದ. ಆದರೆ ಗದ್ದೆ ನಾಟಿ ಮಾಡುವ ರೋಬೋಟಿಗೆ ಹೆಣ್ಣಾಳುಗಳು ಏನಂತ ಅಡ್ಡಹೆಸರು ಇಡುತ್ತಾರೆ ಅಂತ ಯೋಚಿಸಿ. ಅದು ಎಲ್ಲಕ್ಕಿಂತ ಚೆನ್ನಾಗಿರುತ್ತದೆ.

ಬರೆಯಬೇಕಾದರೆ ವಿಜ್ಞಾನ ಓದಿರಲೇಬೇಕಾ?

ನಾನು ಓದಿದ್ದು ಕಾಮರ್ಸ್. ಓದಿರಬೇಕು ಅಂತಿಲ್ಲ, ಕೇಳಿ ತಿಳಿದುಕೊಳ್ಳುವ ನಾಚಿಕೆ ಇರಬಾರದು. ಪಿಲಿಕುಳದ ತಾರಾಲಯಕ್ಕೆ ಒಂದು ಸಲ ಹೋಗಿ ಬನ್ನಿ. ಆಕಾಶದ ಅಳತೆ ಪುಸ್ತಕಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ನಾಚಿಕೆಪಟ್ಟು ನಾನು ಎಡವಿದ್ದು ಹೇಳುತ್ತೇನೆ. ನನ್ನ ಮೊದಲ ಕಥೆಯಲ್ಲಿ ಮಗ ಮಂಗಳ ಗ್ರಹದಲ್ಲಿ ಕೆಲಸಕ್ಕಿದ್ದಾನೆ, ಅಮ್ಮ ಕಾಪುವಿನಲ್ಲಿ. ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ, ಜಗಳ ಆಡುತ್ತಾರೆ, ಅಳುತ್ತಾರೆ. ಯಾರಿಗೂ ತೋರಿಸದೆ ಒಂದು ಸ್ಪರ್ಧೆಗೆ ಕಳಿಸಿದ್ದೆ. ಮರಳಿ ಬಂತು. ಆಮೇಲೆ ಮಾಸ್ಟ್ರಿಗೆ ಕೊಟ್ಟೆ. ಅವರು ಕೆಂಪು ಪೆನ್ನಿನಲ್ಲಿ ಬರೆದದ್ದು: “ಎಂತ ಮಾರಾಯ್ರೇ, ಮಂಗಳಕ್ಕೆ ಮಾಡಿದ ಫೋನು ಮಣಿಪಾಲಕ್ಕೆ ಮಾಡಿದ ಹಾಗೆ ಉಂಟು!” ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ರೇಡಿಯೋ ಸಂಕೇತವೂ ಅಷ್ಟೇ. ಆದರೂ ಇಲ್ಲಿಂದ ಮಂಗಳಕ್ಕೆ ಒಂದು ಮಾತು ಮುಟ್ಟಲು ಕಮ್ಮಿ ಅಂದರೆ 3 ನಿಮಿಷ, ಗ್ರಹಗಳು ದೂರ ಇದ್ದಾಗ 22 ನಿಮಿಷ ಬೇಕು. ಫೋನಿನಲ್ಲಿ ಜಗಳ ಆಡಲು ಆಗುವುದೇ ಇಲ್ಲ.

ಆ ಕಥೆ ಕೊನೆಗೆ ಏನಾಯಿತು?

ಎರಡನೇ ಸಲ ಬರೆದೆ. ಈಗ ಮಗನ ಕಡೆಗೆ 14 ನಿಮಿಷ, ಅಲ್ಲಿಂದ ಬರಲು ಇನ್ನೊಂದು 14. ಅಮ್ಮ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿಗೆ ಇಡುತ್ತಾರೆ. “ಊಟ ಆಯ್ತಾ ಮಗಾ?” ಅಂತ ಕಳಿಸುತ್ತಾರೆ. ತೆಂಗಿನಕಾಯಿ ತುರಿದು ಚಟ್ನಿ ಕಡೆಯುತ್ತಾರೆ. ಬೆಕ್ಕನ್ನು ಓಡಿಸುತ್ತಾರೆ. ಗಂಜಿ ಅರ್ಧ ಬೆಂದ ಹೊತ್ತಿಗೆ “ಆಯ್ತಮ್ಮ, ನಿನ್ನದು?” ಅಂತ ಬರುತ್ತದೆ. ಬಿಸಿಯಲ್ಲಿ ಆಡಿದ ಮಾತು ತಣ್ಣಗಾಗಿ ಮುಟ್ಟುತ್ತದೆ. ಆದ್ದರಿಂದ ಇಬ್ಬರೂ ಕೋಪದ ಮಾತು ಆಡುವುದನ್ನೇ ಬಿಟ್ಟಿದ್ದಾರೆ. ಮೊದಲ ಸಲ ಪಾತ್ರಗಳು ಎಷ್ಟು ಅತ್ತರೂ ಬಾರದೆ ಇದ್ದ ದುಃಖ ಈಗ ಯಾರೂ ಅಳದೆಯೇ ಬಂತು ಅನ್ನಿಸಿತು.

ಮಾಸ್ಟ್ರು ಓದಿದರು. ಒಂದೇ ಕಡೆ ಕೆಂಪು ಗೆರೆ. “ಮಂಗಳದಲ್ಲಿ ದಿನ 24 ಗಂಟೆ 39 ನಿಮಿಷ. ಅಮ್ಮನ ಮಧ್ಯಾಹ್ನ, ಮಗನ ಮಧ್ಯಾಹ್ನ ದಿನಾ ಜಾರುತ್ತಾ ಹೋಗುತ್ತದೆ. ಸುಮಾರು 37 ದಿನಕ್ಕೊಮ್ಮೆ ಮಾತ್ರ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕೂರುವುದು. ಅದು ಯಾವ ದಿನ ಅಂತ ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಬೇಕಲ್ಲ?”

ಮೂರನೇ ಸಲ ಬರೆಯುತ್ತಾ ಇದ್ದೇನೆ.